ಅತಿಥಿಗಳು ಏಳುವ ತನಕ

ನಮ್ಮ ದೊಡ್ಡಮ್ಮ ಹೆದರುತ್ತಿದ್ದದ್ದು ಒಂದಕ್ಕೇ, ಮಗಳ ಮುಖ ಬಾಡುವುದಕ್ಕೆ. ಅದು ಬಿಟ್ಟರೆ ಅವಳ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು. ಹಾಲಿಗೆ ನೀರು ಬೆರೆಸಿದ್ದೀಯಾ ಎಂದು ಕೇಳಿದವನೊಬ್ಬ ಮತ್ತೆ ನಮ್ಮ ಬೀದಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮಗಳು, ಅಳಿಯ ಸೇರಿ ಹೊಲದ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ತೆರೆದಾಗ ಹಾಸಿಗೆ ಹೊದಿಕೆ ಒಗೆಯಲು ನನ್ನನ್ನು ಕರೆದರು. ದೊಡ್ಡಮ್ಮನ ಪಾಲಿಗೆ ಬಂದದ್ದು ಕೊಟ್ಟಿಗೆ ಮತ್ತು ಹಸು ಕೆಂದಿ. ಕೆಂದಿ ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ, ಮೈಗೆ ಗೋಣಿ ಹೊದಿಸಿ ಬೆಳೆಸಿದವಳು ದೊಡ್ಡಮ್ಮ. ಆ ಹಸುವಿನ ಜೊತೆ ಮಾತಾಡಿದಷ್ಟು ಅವಳು ದೊಡ್ಡಪ್ಪನ ಜೊತೆಗೂ ಮಾತಾಡಿರಲಿಕ್ಕಿಲ್ಲ, ಪಾಪ ಅವರಿಗೆ ಉತ್ತರ ಕೊಡುವ ಚಾಳಿ ಇತ್ತು.

ಬಂದವರಿಗೆಲ್ಲ ಹಾಲು ಕರೆಯುವ ಹುಚ್ಚು. ಮೊದಮೊದಲು ದೊಡ್ಡಮ್ಮ ನಸುಕಿನಲ್ಲೇ ಕರೆದುಬಿಡುತ್ತಿದ್ದಳು. ತಿಂಡಿ ಮುಗಿಸಿ ಬಂದ ಅತಿಥಿಗಳು ಎಷ್ಟು ಎಳೆದರೂ ನಾಲ್ಕು ಹನಿ. ಒಬ್ಬಾಕೆ ಇಂಟರ್ನೆಟ್ಟಿನಲ್ಲಿ ಬರೆದೇ ಬಿಟ್ಟಳು: ‘ಫೋಟೋದಲ್ಲಿ ಹಾಲು, ಇಲ್ಲಿ ಬರೀ ಬಾಲ.’ ಅಳಿಯನ ನಿದ್ದೆ ಹಾರಿತು. ಅಲ್ಲಿಂದ ಹೊಸ ಕಾನೂನು. ಅತಿಥಿಗಳು ಎದ್ದು, ತಿಂದು, ಕಪ್ಪು ಕನ್ನಡಕ ಏರಿಸಿಕೊಂಡು ಬರುವ ತನಕ ಕೆಂದಿಯ ಕೆಚ್ಚಲನ್ನು ಯಾರೂ ಮುಟ್ಟಕೂಡದು.

"ಹೊತ್ತಿಗೆ ಸರಿಯಾಗಿ ಕರೀದಿದ್ರೆ ಕೆಚ್ಚಲು ಬಾತ್ಕೊಳ್ಳುತ್ತೆ ನೋಡಿ," ಅಂದಳು ದೊಡ್ಡಮ್ಮ.

"ಅತ್ತೆ, ಈ ಸೀಸನ್ ಒಂದು ದಾಟಲಿ. ಆಮೇಲೆ ನೀವು ಹೇಳಿದ ಹಾಗೆ."

ಅವನು ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಅವನ ಹಿಂದೆ ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ದೊಡ್ಡಮ್ಮ ಕೈಯಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿಟ್ಟಳು.

ಬೆಳಕು ಹರಿಯುತ್ತಿದ್ದಂತೆ ಕೆಂದಿ ಕೂಗಲು ಶುರು ಮಾಡುತ್ತಿತ್ತು. ದೊಡ್ಡಮ್ಮ ಅದರ ಬೆನ್ನು ಸವರುತ್ತಾ, "ತಡ್ಕೋ ಮಗಳೇ, ಈಗ ಏಳ್ತಾರೆ, ಈಗ ಬರ್ತಾರೆ," ಅನ್ನುತ್ತಾ ನಿಂತಿರುತ್ತಿದ್ದಳು. ಕೋಣೆಗಳ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಒಂದು ದಿನ ಕಿಟಕಿಯಿಂದ ಒಬ್ಬರು, "ಎಷ್ಟು ಚೆನ್ನಾಗಿ ಕೂಗುತ್ತೆ! ಹಳ್ಳಿ ಅಂದ್ರೆ ಇದು!" ಅಂದರು. ನನಗೆ ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು, ಕೈಯಲ್ಲಿದ್ದ ಒದ್ದೆ ಹೊದಿಕೆಯನ್ನು ಇನ್ನಷ್ಟು ಹಿಂಡಿದೆ.

ಒಮ್ಮೆ ದೊಡ್ಡಮ್ಮ ತಡೆಯಲಾರದೆ ಕದ್ದು ಸ್ವಲ್ಪ ಕರೆದಳು. ತನ್ನ ಹಸುವಿನ ಹಾಲನ್ನೇ ಕದಿಯುವುದೆಂದರೆ ನೋಡಿ! ಅವತ್ತು ಅತಿಥಿಗಳ ಚೊಂಬು ತುಂಬಲಿಲ್ಲ. ಮಗಳು ಕೊಟ್ಟಿಗೆಗೆ ಬಂದು, "ಅಮ್ಮಾ, ಕೈ ಮುಗೀತೀನಿ. ಈ ಕೆಲಸಾನೂ ಕೆಟ್ಟರೆ ನಾವು ಎಲ್ಲಿಗೆ ಹೋಗೋಣ?" ಎಂದು ಅತ್ತಳು. ಮತ್ತೆ ದೊಡ್ಡಮ್ಮ ಆ ಗೋಜಿಗೆ ಹೋಗಲಿಲ್ಲ. ಬರುವವರು ಬಂದರು, ಉಗುರು ಬಿಟ್ಟವರು, ಉಂಗುರ ತೊಟ್ಟವರು, ನಗುತ್ತಾ ಎಳೆದರು. ಕೆಂದಿ ಕಣ್ಣರಳಿಸಿ ದೊಡ್ಡಮ್ಮನ ಕಡೆಗೇ ನೋಡುತ್ತಿತ್ತು. ಅವಳು ಹಗ್ಗ ಹಿಡಿದುಕೊಂಡು ನಿಲ್ಲುತ್ತಿದ್ದಳು. ಅವಳಿಗಿದ್ದ ಕೆಲಸ ಅಷ್ಟೇ.

ಸೀಸನ್ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಕೆಚ್ಚಲು ಕಲ್ಲಾಯಿತು. ಮುಟ್ಟಿದರೆ ಸುಡುತ್ತಿತ್ತು. ದನದ ಡಾಕ್ಟರು ಬಂದು ಹಿಂಡಿ ನೋಡಿದರು, ಬಂದದ್ದು ಹಾಲಲ್ಲ, ಕೀವು.

"ಒಂದು ಮೊಲೆ ಹೋಯ್ತು. ಉಳಿದದ್ದು ಉಳೀಬೇಕಾದ್ರೆ ಹೊತ್ತು ಹೊತ್ತಿಗೆ ಪೂರ್ತಿ ಕರೀಬೇಕು. ನೋವಾಗುತ್ತೆ, ಆದ್ರೂ ಬಿಡಬಾರ್ದು. ಕಂಡವರ ಕೈ ಹಾಕಿಸ್ಬೇಡಿ."

ಅಳಿಯನ ಮುಖ ಬಿಳಿಚಿಕೊಂಡಿತು. "ನೀವೇ ಕರೀರಿ ಅತ್ತೆ, ಇನ್ನು ಯಾರೂ ಬರಲ್ಲ," ಅಂದ. ಈ ಮಾತು ಮೊದಲೇ ಬಂದಿದ್ದರೆ!

ಮರುದಿನ ನಸುಕಿನಲ್ಲೇ ದೊಡ್ಡಮ್ಮ ಬಿಸಿನೀರು, ಮುಲಾಮು ತೆಗೆದುಕೊಂಡು ಹೋದಳು. ನಾನು ಹಗ್ಗ ಹಿಡಿದೆ. ಎಂದಿನ ಹಾಗೆ ಹೆಸರು ಹಿಡಿದು ಕರೆಯುತ್ತಾ ಕುಕ್ಕರುಗಾಲಲ್ಲಿ ಕೂತು ಅವಳು ಬೆರಳು ತಾಗಿಸಿದ್ದಷ್ಟೇ, ಕೆಂದಿ ಜಾಡಿಸಿ ಒದೆಯಿತು. ಹುಟ್ಟಿದಾಗಿನಿಂದ ಅವಳ ಮೇಲೆ ಕಾಲೆತ್ತದ ಹಸು! ಬಕೆಟ್ಟು ಒಂದು ಕಡೆ, ದೊಡ್ಡಮ್ಮ ಇನ್ನೊಂದು ಕಡೆ ಸಗಣಿಯಲ್ಲಿ. ಎದ್ದು ಮತ್ತೆ ಕೂತಳು. ಮತ್ತೆ ಒದೆಯಿತು. ಪಾಪ, ಅದಕ್ಕೆ ಈಗ ಕೈ ಅಂದರೆ ನೋವು, ಯಾರ ಕೈಯಾದರೇನು.

ಅವತ್ತೇ ನೋಡಿ, ಹಿಂದಿನ ಸಂಜೆ ಬಂದಿಳಿದ ಹೆಂಗಸೊಬ್ಬರಿಗೆ ಬೇಗ ಎಚ್ಚರವಾಗಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಅವರು ನಿಜವಾದ ಮರುಕದಿಂದಲೇ ಕೇಳಿದರು:

"ಅಯ್ಯೋ, ಪೆಟ್ಟಾಯ್ತಾ? ಹಸುಗೆ ನಿಮ್ಮ ಪರಿಚಯ ಇಲ್ಲ ಅನ್ಸುತ್ತೆ. ಹೊಸಬರಾ ನೀವು?"

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕೈ ಅದುಮಿದಳು.

"ಹೌದಮ್ಮ," ಅಂದಳು, "ಹೊಸಬಳು."

ಕೆಂದಿ ಇನ್ನೂ ಕಾಲೆತ್ತಿಕೊಂಡೇ ನಿಂತಿತ್ತು.