ಅಂತರಗಂಗೆಯ ಅಡಿಯಲ್ಲಿ

ಹಗ್ಗ ಹಿಡಿದಿದ್ದವನು ನಾನು. ಈಗಲೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅಂಗೈಗೆ ಆ ಜಗ್ಗು ಮರಳಿ ಬರುತ್ತದೆ. ಜೋರಾಗಿ, ಮತ್ತೆ ಜೋರಾಗಿ, ಆಮೇಲೆ ಮೆಲ್ಲಗೆ, ಆಮೇಲೆ ಏನೂ ಇಲ್ಲ.

ಅಕ್ಕನನ್ನು ಕೊಟ್ಟ ಊರು ಹಳ್ಳಿಮೈಸೂರಿನ ಕಡೆ. ಅಲ್ಲಿನ ಕೆರೆಯನ್ನು ಅಂತರಗಂಗೆ ಎಂಬ ನೀರುಕಳೆ ಮುಚ್ಚಿ ಕೆಲವು ವರ್ಷಗಳಾದವು. ದೂರದಿಂದ ನೋಡಿದರೆ ನೇರಳೆ ಹೂ ಬಿಟ್ಟ ಬಯಲು. ಹೊಸಬರು ಹುಲ್ಲುಗಾವಲೆಂದು ದನ ಹೊಡೆದುಕೊಂಡು ಹೋಗಬೇಕು, ಹಾಗಿರುತ್ತದೆ. ಎಷ್ಟು ಕಿತ್ತರೂ ಉಳಿದ ಚೂರಿನಿಂದ ಮತ್ತೆ ಹಬ್ಬುತ್ತದೆ. ಕಳೆದ ವರ್ಷ ನಾಲೆಯ ನೀರು ಬಂದು ಕೆರೆ ತುಂಬಿತ್ತು, ಆದರೆ ತೂಬಿನ ಬಾಯಿಗೆ ಕಳೆ ಕೂತು ಗದ್ದೆಗೆ ನೀರು ಹರಿಯುತ್ತಿರಲಿಲ್ಲ. ಭತ್ತದ ಸಸಿ ನಾಟಿಗೆ ಬಂದಿತ್ತು.

ಕಳೆ ತೆಗೆಯುವ ಯಂತ್ರ ಕೇಳಲು ಊರವರು ಹಾಸನಕ್ಕೆ ಹೋಗಿ ಬಂದಿದ್ದರು. “ಮಿಷನ್ನು ಯಾವ್ದೋ ಕೆರೇಲಿ ಕೆಟ್ಟು ನಿಂತೈತಂತೆ. ಅದ್ರ ಮ್ಯಾಲೂ ಊ ಬುಟ್ಟೈತಂತೆ ಕಣ್ಲಾ,” ಎಂದು ಏರಿಯ ಮೇಲೆ ಕೂತಿದ್ದ ಮುದುಕರೊಬ್ಬರು ಎಲ್ಲರನ್ನೂ ನಗಿಸಿದರು.

ಹಾಗಾಗಿ ಊರಿನ ಉಪಾಯವೇ ಗತಿ. ಆಷಾಢದಲ್ಲಿ ಗಾಳಿ ಕೆರೆಯ ಮೇಲಿಂದ ಏರಿಯ ಕಡೆ ಬೀಸುತ್ತದೆ. ಅದು ಏಳುವ ಮೊದಲು, ಬೆಳಿಗ್ಗೆಯೇ ಒಬ್ಬರು ನೀರಿಗಿಳಿದು, ಕುಡುಗೋಲಿನಿಂದ ಕಳೆಯನ್ನು ಚಾಪೆ ಚಾಪೆಯಾಗಿ ಕೊಯ್ದು ಬಿಡಿಸಿ ಮೇಲೆ ಬರಬೇಕು. ಆಮೇಲೆ ಗಾಳಿ ಆ ಚಾಪೆಗಳನ್ನು ದಡಕ್ಕೆ ತಳ್ಳಿ ತರುತ್ತದೆ, ಉಳಿದವರು ಎಳೆದು ಹಾಕುತ್ತಾರೆ. ನೀರಿಗಿಳಿಯುವ ಕೆಲಸ ನನ್ನ ಭಾವನದು. ಊರಿನಲ್ಲಿ ಅವರಷ್ಟು ಚೆನ್ನಾಗಿ ಈಜುವವರಿಲ್ಲ.

ಆದರೆ ಗಂಗಮ್ಮನ ಪೂಜೆಯಾಗದೆ ಯಾರೂ ಇಳಿಯುವಂತಿಲ್ಲ. ಆ ಭಾನುವಾರ, ಅರಕಲಗೂಡಿನ ಮಗಳ ಮನೆಗೆ ಹೋಗಿದ್ದ ಪೂಜಾರಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕರ್ಪೂರ ಗಾಳಿಗೆ ಆರಿ ಆರಿ ಹೋಗುತ್ತಿತ್ತು. ನಾಲ್ಕು ಜನ ಟವೆಲ್ ಅಡ್ಡ ಹಿಡಿದು ಹೇಗೋ ಹಚ್ಚಿಸಿದರು.

“ಭಾವ, ನಾಳೆ ಬೆಳಿಗ್ಗೆ ಇಳಿದ್ರೆ ಆಗಲ್ವಾ?” ಎಂದೆ.

“ಪೂಜೆ ಮಾಡ್ಸಿ ಇಳೀದೆ ಓದ್ರೆ ಗಂಗಮ್ಮ ಏನಂದ್ಕತ್ತಾಳೆ ಮೇಷ್ಟ್ರೇ?” ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುವ ನನ್ನನ್ನು ಭಾವ ಕರೆಯುವುದೇ ಹಾಗೆ. ನೈಲಾನ್ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು. “ನೀವು ಇಲ್ಲೇ ನಿಂತು ಅಟೆಂಡೆನ್ಸ್ ತಕ್ಕಳಿ.”

ಭಾವ ತೂಬಿನ ಸುತ್ತ ಕೊಯ್ದು ಸ್ವಲ್ಪ ನೀರು ಕಾಣುವಂತೆ ಮಾಡಿದ್ದರು. ಎದೆಮಟ್ಟದ ನೀರಿನಲ್ಲಿ, ಕೆರೆಗೆ ಬೆನ್ನು ಹಾಕಿ, ತೂಬಿನ ಕಲ್ಲಿಗೆ ಸುತ್ತಿಕೊಂಡ ಬೇರು ಬಿಡಿಸುತ್ತಿದ್ದರು. ಅಷ್ಟರಲ್ಲಿ ಗಾಳಿಗೆ ಹಿಂದೆ ಒಂದು ದೊಡ್ಡ ಚಾಪೆ ಕಳಚಿಕೊಂಡಿತು. ಸದ್ದಿಲ್ಲ. ಹೂಗಳೆಲ್ಲ ಒಟ್ಟಿಗೆ ನಮ್ಮ ಕಡೆ ನಡೆದು ಬಂದಂತೆ ಕಂಡಿತು. ನಾನು ಕೂಗಿದೆ. ಭಾವ ತಿರುಗಿದ್ದು ಕಂಡಿತು. ಅಲ್ಲಿದ್ದ ನೀರನ್ನೂ ಭಾವನನ್ನೂ ಹಸಿರು ಮುಚ್ಚಿತು.

“ಎಳೀರ್ಲಾ!” ಎಂದು ಯಾರೋ ಅರಚಿದರು. ಎಳೆದೆವು. ಹಗ್ಗ ಬಿಗಿದು ನಿಂತಿತು.

“ಎಳೀಬ್ಯಾಡ್ರೋ!” ಆ ಮುದುಕರು ಹಗ್ಗದ ಮೇಲೆ ಕೈ ಇಟ್ಟರು. “ಅಗ್ಗ ಬೇರಿಗೆ ಸಿಕ್ಕೈತೆ. ಎಳುದ್ರೆ ಇನ್ನೂ ಒಳೀಕೆ ಓಯ್ತಾನೆ!”

ಎಳೆಯುವಂತಿಲ್ಲ, ಬಿಡುವಂತಿಲ್ಲ. ಕಳೆಯ ಮೇಲೆ ಕಾಲಿಟ್ಟ ಇಬ್ಬರು ತೊಡೆಯವರೆಗೆ ಹೂತು ವಾಪಸಾದರು. ಏಣಿ ತರಲು ಯಾರೋ ಓಡಿದರು. ನನ್ನ ಅಂಗೈಯಲ್ಲಿ ಭಾವ ಜಗ್ಗುತ್ತಿದ್ದರು. ಆಗಲೇ ಅಕ್ಕ ಊಟದ ಪಾತ್ರೆ ಹೊತ್ತು ಏರಿ ಹತ್ತಿದಳು.

“ಎಲ್ಲವ್ರೆ ಇವ್ರು?”

ಅವಳು ನನ್ನ ಕೈಯ ಹಗ್ಗವನ್ನು ನೋಡಿದಳು, ಅದು ಹೋದ ದಿಕ್ಕನ್ನು ನೋಡಿದಳು. ಜಗ್ಗು ನಿಂತಿತು.

ನಾವೆಲ್ಲ ನೋಡುತ್ತಿದ್ದ ಜಾಗದಲ್ಲಲ್ಲ, ತೂಬಿನ ಆಚೆ ಬದಿಯಲ್ಲಿ, ಹೂಗಳ ನಡುವೆ ಕುಡುಗೋಲಿನ ತುದಿ ಎದ್ದಿತು. ಭಾವ ಸೊಂಟದ ಹಗ್ಗ ಕತ್ತರಿಸಿ, ಕಳೆಯನ್ನು ಕೆಳಗಿನಿಂದ ಕೊಯ್ದುಕೊಂಡು ಬಂದಿದ್ದರು. ಏಣಿಯನ್ನು ಕಳೆಯ ಮೇಲೆ ಮಲಗಿಸಿ, ಅದರ ಮೇಲೆ ತೆವಳಿ ಇಬ್ಬರು ಆ ಕೈ ಹಿಡಿದರು. ಏರಿಯ ಮೇಲೆ ಭಾವ ಕೆಸರು ಕಾರಿದರು. ಅಕ್ಕ ಅವರ ಬೆನ್ನಿಗೆ ಗುದ್ದುತ್ತಲೇ ಇದ್ದಳು, ನೀರು ಹೊರಡಿಸಲೋ ಸಿಟ್ಟಿಗೋ ತಿಳಿಯಲಿಲ್ಲ. “ಒಳ್ಗೆ ಬೋ ಕತ್ಲು ಕಣೇ,” ಎಂದಷ್ಟೇ ಭಾವ ಹೇಳಿದರು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕೆಮ್ಮು ಬಿಡಲಿಲ್ಲ.

ಈ ಆಷಾಢಕ್ಕೆ ಕೆರೆ ಮತ್ತೆ ಮುಚ್ಚಿತು, ತೂಬು ಮತ್ತೆ ಕಟ್ಟಿತು. ಯಂತ್ರ ಬರಲಿಲ್ಲ. ಅಕ್ಕ ಫೋನ್ ಮಾಡಿದಳು. “ಮತ್ತೆ ಇಳೀತೀನಿ ಅಂತಾರೆ, ನನ್ ಮಾತು ಕೇಳಾಕಿಲ್ಲ. ನೀನಾದ್ರೂ ಬಂದು ಏಳು.”

ಹೋಗಿ ಹೇಳಿದೆ. ಬೇಡಿಕೊಂಡೆ ಎಂದರೂ ಸರಿ. ಭಾವ ಕೆಮ್ಮುತ್ತಾ ಕೇಳಿಸಿಕೊಂಡರು.

“ಮತ್ತೆ ಯಾರು ಇಳೀತಾರೆ, ನೀವು ಇಳೀತೀರಾ?”

ನನಗೆ ಈಜು ಬರುವುದಿಲ್ಲ.

ಪೂಜಾರಿ ಈ ಸಲ ಹೊತ್ತಿಗೆ ಮುಂಚೆಯೇ ಬಂದಿದ್ದರು. ಕರ್ಪೂರ ನೆಟ್ಟಗೆ ಉರಿಯಿತು. ಅದನ್ನು ಕಂಡು ಎಲ್ಲರ ಮುಖವೂ ಸಡಿಲವಾಯಿತು, ಅಕ್ಕನದೊಂದನ್ನು ಬಿಟ್ಟು. ಭಾವ ಸೊಂಟಕ್ಕೆ ಗಂಟು ಬಿಗಿದು, ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳದಿದ್ದರೆ ಇನ್ನೊಬ್ಬರ ಕೈಗೆ ಕೊಟ್ಟು ಇಳಿಯುತ್ತಿದ್ದರು.

ಅಂಗೈಗೆ ಸುತ್ತಿಕೊಂಡೆ.