ಹದಿನೇಳನೇ ನಂಬರಿನ ಬಿಲ್ಲೆ

ಮೊನ್ನೆ ಗುಂಡಿ-ದಾರದ ಡಬ್ಬಿಯಲ್ಲಿ ರವಿಕೆಗೆ ಹುಕ್ಕು ಹುಡುಕುತ್ತಿದ್ದೆ. ಬೆರಳಿಗೆ ತಗಡಿನ ಬಿಲ್ಲೆಯೊಂದು ಸಿಕ್ಕಿತು. ಅಂಚಿಗೆಲ್ಲ ತುಕ್ಕು, ನಡುವೆ ಕೆಂಪು ಬಣ್ಣದ ಹದಿನೇಳು. ನೋಡಿದ ಕೂಡಲೇ ಬಾಗಲಕೋಟೆಯ ಕಾಲೇಜಿನ ಕಂಪ್ಯೂಟರ್ ಲ್ಯಾಬು, ಅದರ ಬಾಗಿಲಲ್ಲಿ ನಿಂತ ನಮ್ಮ ಮೇಡಂ ಕಣ್ಣಿಗೆ ಕಟ್ಟಿದರು...

ಎರಡು ಸಾವಿರದ ಆಚೀಚಿನ ವರ್ಷಗಳು. ಲ್ಯಾಬು ಎಷ್ಟು ಇಕ್ಕಟ್ಟೆಂದರೆ ಕುರ್ಚಿ ಸರಿಸಿದರೆ ಹಿಂದಿನವರ ಬೆನ್ನಿಗೆ ತಾಗುತ್ತಿತ್ತು. ಹಾಗಾಗಿ ಬ್ಯಾಗು ಒಳಗೆ ಒಯ್ಯುವಂತಿರಲಿಲ್ಲ. ಹೊರಗಿನ ಕಪಾಟಿನಲ್ಲಿಟ್ಟು, ಆ ಖಾನೆಯ ನಂಬರಿನ ಬಿಲ್ಲೆ ಹಿಡಿದು ಒಳಗೆ ಹೋಗಬೇಕು. ಮನೆಗೆ ಹೊರಡುವಾಗ ಬಿಲ್ಲೆ ಕೊಟ್ಟು ಬ್ಯಾಗು ಪಡೆಯಬೇಕು. ಅಟೆಂಡರ್ ಇರಲಿಲ್ಲ. ಶಿರೂರಿನಿಂದ ಬಸ್ಸಿಗೆ ಬರುತ್ತಿದ್ದ ಮೇಡಂ ಪಾಠವನ್ನೂ ಹೇಳುತ್ತಿದ್ದರು, ಬಿಲ್ಲೆಯನ್ನೂ ಎಣಿಸುತ್ತಿದ್ದರು. ಒಂದು ಕಡಿಮೆಯಾದರೂ ಯಾರನ್ನೂ ಬಿಡುತ್ತಿರಲಿಲ್ಲ. ಹಿಂದಿನಿಂದ ನಾವು ಅವರನ್ನು 'ಜೈಲರ್' ಎನ್ನುತ್ತಿದ್ದೆವು.

ಕೊನೆಯ ವರ್ಷ ನನ್ನ ಪ್ರಾಜೆಕ್ಟು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿಯಲ್ಲಿ ಓಡುವ ಒಂದು ಸಣ್ಣ ಪ್ರೋಗ್ರಾಮು. "ಪಾಸಾದ್ರ ನೌಕರಿ, ಇಲ್ಲಂದ್ರ ಮದುವಿ" ಎಂದು ಅಪ್ಪ ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತೇ ತೀರ್ಪು ಕೊಟ್ಟಿದ್ದರು. ಬೇವೂರಿನಲ್ಲಿ ವರನೂ ತಯಾರಿದ್ದ. ನನ್ನ ಪ್ರೋಗ್ರಾಮೋ, ಒಮ್ಮೆ ಓಡುತ್ತಿತ್ತು, ಒಮ್ಮೆ ಇಡೀ ಮಷಿನ್ನನ್ನೇ ಕಲ್ಲು ಮಾಡಿ ಕೂರಿಸುತ್ತಿತ್ತು. ಪರೀಕ್ಷಕರು ಬರುವ ಹಿಂದಿನ ಮಧ್ಯಾಹ್ನವೂ ಅದೇ ಗತಿ. ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ.

ಮೇಡಂ ಪಕ್ಕದ ಸ್ಟೂಲಿನಲ್ಲಿ ಕುಳಿತು ನಾನು ಬರೆದದ್ದನ್ನು ಓದಿದರು. "ಇಷ್ಟು ದೊಡ್ಡ ಡೇಟಾದ ಗಂಟು ಫಂಕ್ಷನ್ ಒಳಗ ಯಾಕ ಇಟ್ಟೀಯವಾ?"

"ಕೈಗೆ ಹತ್ರ ಇರ್ಲಿ ಅಂತರಿ."

ಅದು ನಮ್ಮ ಮನೆಯ ರೂಢಿ. ಅವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂರುವ ಮುನ್ನ ದಿನಕ್ಕೆ ಬೇಕಾದ ನೂಲಿನ ಕಂಡಿಕೆಗಳನ್ನೆಲ್ಲ ಪಕ್ಕದಲ್ಲೇ ಸುರಿದುಕೊಳ್ಳುತ್ತಿದ್ದಳು. ಮತ್ತೆ ಮತ್ತೆ ಏಳಬಾರದಲ್ಲ. ನಾನೂ ಡೇಟಾವನ್ನೆಲ್ಲ ಫಂಕ್ಷನ್ನಿನ ಮಡಿಲಲ್ಲೇ, ಅಂದರೆ ಸ್ಟ್ಯಾಕಿನಲ್ಲೇ ಸುರಿದಿದ್ದೆ.

"ಹೊರಗಿನ ಪ್ರೋಗ್ರಾಮಿಗಾದ್ರ ಸ್ಟ್ಯಾಕ್ ಬೆಳಿತೈತಿ. ಕರ್ನಲ್‌ನ್ಯಾಗ ಹಂಗಲ್ಲ. ಒಂದೊಂದು ಪ್ರೊಸೆಸ್ಸಿಗೆ ಹುಟ್ಟುವಾಗ ಎಂಟು ಕೆಬಿ ಕೊಡ್ತೈತಿ, ಮುಗೀತು. ತುಂಬಿ ಚೆಲ್ಲಿದ್ರ ಬಾಜೂಕಿಂದು ಹಾಳಾಕ್ಕೈತಿ." ನನ್ನ ಕಡೆ ತಿರುಗಿ ಕೇಳಿದರು, "ನಿನ್ನ ಬ್ಯಾಗ್ ಎಲ್ಲೈತಿ?"

"ಹೊರಗ, ಕಪಾಟಿನ್ಯಾಗ್ರಿ."

"ಕೈಯಾಗ ಏನೈತಿ?"

"ಬಿಲ್ಲಿ..." ಎನ್ನುತ್ತಲೇ ನನಗೆ ಹೊಳೆಯಿತು.

ದೊಡ್ಡ ಗಂಟಿಗೆ ಸ್ಟ್ಯಾಕಿನ ಹೊರಗೆ, ಮೆಮೊರಿಯಲ್ಲಿ ಜಾಗ ಕೇಳಿ ಪಡೆದು, ಆ ಜಾಗದ ವಿಳಾಸವನ್ನಷ್ಟೇ ಸ್ಟ್ಯಾಕಿನಲ್ಲಿ ಇಟ್ಟುಕೊಂಡರಾಯಿತು! ಹಾಗೇ ಬರೆದು ಓಡಿಸಿದೆ. ಓಡಿತು. ಮತ್ತೆ ಓಡಿಸಿದೆ, ಮತ್ತೂ ಓಡಿತು.

"ಕೆಲಸ ಮುಗಿದ ಮ್ಯಾಲೆ ಜಾಗ ತಿರುಗಿ ಕೊಡೂದು ಮರೀಬ್ಯಾಡ" ಎಂದರು ಮೇಡಂ. "ಎಲ್ಲಾರೂ ಹಂಗಽ ಹೋದ್ರ ಕಪಾಟ್ ತುಂಬಿ ಕುಂದರ್ತೈತಿ."

ಮರುದಿನ ಪರೀಕ್ಷಕರು ಎಷ್ಟು ಕಾಡಿದರೂ ಮಷಿನ್ನು ನಿಲ್ಲಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಯಿತು. "ಹೋಗವಾ, ಬಸ್ ತಪ್ಪೀತು" ಎಂದು ಮೇಡಂ ತಾವೇ ಬ್ಯಾಗು ತಂದು ನನ್ನ ಹೆಗಲಿಗೆ ಹಾಕಿದರು. ಇಳಕಲ್ ಬಸ್ಸಿನ ಕಿಟಕಿಯ ಬಳಿ ಕುಳಿತು ಒಬ್ಬಳೇ ನಗುತ್ತಿದ್ದೆ. ಅಮೀನಗಡ ದಾಟಿದ ಮೇಲೆ ನೋಡಿದರೆ ಬಿಲ್ಲೆ ಮುಷ್ಟಿಯಲ್ಲೇ ಇದೆ! ಅಂಥ ಜೈಲರ್ ಕೂಡ ಅದನ್ನು ಕೇಳಲು ಮರೆತಿದ್ದರು. ನನಗಿಂತ ಅವರಿಗೇ ಹೆಚ್ಚು ನಿರಾಳವಾಗಿತ್ತೇನೋ...

ಬೇವೂರಿನ ವರ ಬೇರೆಯವಳನ್ನು ಮದುವೆಯಾದ, ಇಬ್ಬರೂ ಬಚಾವಾದೆವು. ನಾನು ಹುನಗುಂದದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಬಿಲ್ಲೆಯನ್ನು ಮುಂದಿನ ಸಲ ಹೋದಾಗ ಕೊಟ್ಟರಾಯಿತು ಅಂದುಕೊಂಡೆ. ಮುಂದಿನ ಸಲ, ಅದರ ಮುಂದಿನ ಸಲ... ಅಷ್ಟರಲ್ಲಿ ಮೇಡಂ ತೀರಿಕೊಂಡ ಸುದ್ದಿಯೇ ಬಂತು.

ನಿನ್ನೆ ಆ ಬಿಲ್ಲೆಯನ್ನು ಕ್ಲಾಸಿಗೆ ಒಯ್ದು, ಮೇಡಂ ಹೇಳಿದ್ದನ್ನೇ ನನ್ನ ಹುಡುಗಿಯರಿಗೆ ಹೇಳಿದೆ. ಕೆಲಸ ಮುಗಿದ ಮೇಲೆ ತಿರುಗಿ ಕೊಡಬೇಕು ಎಂಬುದನ್ನೂ ಬಿಡಲಿಲ್ಲ. ಮುಂದಿನ ಬೆಂಚಿನವಳು ಫಟ್ಟನೆ ಕೇಳಿದಳು, "ಮತ್ತ ನೀವ್ಯಾಕ ಕೊಟ್ಟಿಲ್ರಿ ಮೇಡಂ?"

ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ.

"ಇಸ್ಗೊಳ್ಳಾವ್ರು ಇಲ್ಲವಾ ಈಗ" ಎಂದು ಬಿಲ್ಲೆಯನ್ನು ಪರ್ಸಿಗೆ ಹಾಕಿಕೊಂಡು ಬೋರ್ಡಿನ ಕಡೆ ತಿರುಗಿದೆ.