ಎರಡೂ ತೋಳಿನ ಅಳತೆ

ನಮ್ಮ ಗೌರಿ ಇವತ್ತು ಶಾಲೆಯ ನಾಟಕದಲ್ಲಿ ಪರಿಗಳ, ಅಂದರೆ ಕಿನ್ನರಿಯರ, ರಾಣಿಯಾದಳು! ಒಂದು ಮಾತೂ ತಪ್ಪಲಿಲ್ಲ. ಎರಡೂ ತೋಳೆತ್ತಿ ಕುಣಿದಳು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆ ಎಂದರೆ ಸಂತೋಷ ಎಷ್ಟಿರಬೇಕು, ನೀವೇ ತಿಳಿಯಿರಿ. ಆದರೆ ಈ ಸಂತೋಷವನ್ನು ಹೊಲಿದುಕೊಟ್ಟವಳು ಇಂದುಬಾಯಿ. ಅವಳ ಹೆಸರು ಬರೆಯುವಾಗ ನನ್ನ ತಲೆ ತಾನಾಗಿ ತಗ್ಗುತ್ತದೆ.

ಬೇರೆ ದರ್ಜಿಗಳು ಒಂದು ತೋಳು ಅಳೆದು ಸಾಕೆನ್ನುತ್ತಾರೆ. ಇಂದುಬಾಯಿ ಯಾರೇ ಬರಲಿ, ಎರಡೂ ತೋಳು ಅಳೆದು ಎರಡು ಅಂಕಿ ಬರೆದುಕೊಳ್ಳುತ್ತಿದ್ದಳು. "ಎರಡೂ ಕೈ ಬರೋಬರ್ ಇರೋ ಮನಶಾರ್ನ ನಾ ಇನ್ನಾ ನೋಡಿಲ್ಲ ಅಕ್ಕಾ. ನಿಂದೂ ಎಡಗೈ ಅರ್ಧ ಬಟ್ಟು ಗಿಡ್ಡ ಐತಿ, ನೋಡ್ಕೋ" ಎನ್ನುವಳು, ತುಟಿಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆಯದೆಯೇ.

ಅವಳು ಸೋಲಾಪುರದ ಕನ್ನಡದವಳು, ಮದುವೆಯಾಗಿ ನಾಗಪುರಕ್ಕೆ ಬಂದವಳು. ಮಹಾಲ್ ಬಡಾವಣೆಯ ಗಲ್ಲಿಯೊಂದರಲ್ಲಿ, ಹಳೇ ವಾಡೆಯ ಜಗುಲಿಯ ಮೇಲೆ ಅವಳ ಹೊಲಿಗೆ ಯಂತ್ರ. ಶಾಲೆಯ ಮಕ್ಕಳಿಗೆ ರಾಜ, ರಾಕ್ಷಸ, ನವಿಲು, ಪರಿ, ಏನು ಬೇಕೋ ಆ ವೇಷ ಹೊಲಿದುಕೊಡುತ್ತಿದ್ದಳು. ಗಂಡನ ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕಾಗಿ ಗದಗ ಬಿಟ್ಟು ಬಂದ ನನಗೆ ಕನ್ನಡ ಕೇಳಬೇಕೆನಿಸಿದಾಗೆಲ್ಲ ಒಂದು ಕುಪ್ಪಸದ ಬಟ್ಟೆ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ.

ಗೌರಿ ನನ್ನ ಮಗನ ಮಗಳು. ಹುಟ್ಟಿನಿಂದಲೇ ಅವಳ ಎಡಗೈ ಮೊಣಕೈವರೆಗೆ ಮಾತ್ರ. ಅದರಿಂದ ಅವಳಿಗೇನೂ ತೊಂದರೆಯಿಲ್ಲ, ತೊಂದರೆ ನನಗಿತ್ತು. ಯಾರಾದರೂ ಫೋಟೊ ತೆಗೆದರೆ ನನ್ನ ಸೆರಗು ಅವಳ ಎಡಗೈ ಮೇಲೆ ಹೋಗಿ ಕೂರುತ್ತಿತ್ತು.

ಹೋದ ವರ್ಷ ಪರಿಯ ವೇಷದ ಅಳತೆಗೆ ಕರೆದೊಯ್ದಾಗಲೂ ಸೆರಗು ಹೊದಿಸಿಯೇ ನಿಲ್ಲಿಸಿದ್ದೆ.

"ಎಡಗೈ?" ಎಂದಳು ಇಂದುಬಾಯಿ.

"ಅದೂ ಅಷ್ಟ, ಬರ್ಕೋ."

ಅವಳು ಸೆರಗು ಸರಿಸಿದಳು. "ಟೇಪಿಗೆ ಸುಳ್ಳ ಹೇಳಬಾರ್ದು ಅಕ್ಕಾ. ಪೋರಿ, ಕೈ ಎತ್ತು." ಮೊಣಕೈತನಕ ಅಳೆದು, ಆ ಅಂಕಿಯನ್ನೂ ಬಲಗೈಯದರಷ್ಟೇ ದಪ್ಪಗೆ ಬರೆದಳು. ಗೌರಿ ಕಚಗುಳಿಯಾಗಿ ನಗುತ್ತಿದ್ದಳು.

ನಾನು ಇಂದುಬಾಯಿಯನ್ನು ಪಕ್ಕಕ್ಕೆ ಕರೆದು, ತೋಳು ಪೂರಾ ಹೊಲಿದು ಅರಳೆ ತುಂಬಿ ಒಂದು ಕೈ ಮಾಡು ಎಂದೆ. ಪರಿಗೆ ಎರಡು ಕೈ ಇರುತ್ತವಲ್ಲ!

"ನೀ ಪರೀನ್ನ ಎಲ್ಲಿ ನೋಡಿದಿ? ಕೋರಾಡಿಗೆ ಹೋಗೋ ಬಸ್ಸಿನಾಗ?" ಎಂದು ನಕ್ಕಳು. "ನಾ ಅಂತೂ ನೋಡಿಲ್ಲ. ನಾ ಹೊಲಿಯೋ ಪರಿ ಈ ಪೋರಿ ಹಂಗ ಇರ್ತಾಳ."

ಹಾಗೆಯೇ ಹೊಲಿದಳು. ಎಡದ ಗಿಡ್ಡ ತೋಳಿನ ಸುತ್ತ ಬೆಳ್ಳಿ ಜರಿಯ ಹೂದಳ, ತುದಿಗೊಂದು ಗೆಜ್ಜೆ.

ನಾಟಕದ ಹಿಂದಿನ ದಿನ ನಾನು ಆ ದಳಗಳನ್ನೂ ಗೆಜ್ಜೆಯನ್ನೂ ಬಿಚ್ಚಿದೆ. ಒಂದು ಬಿಳಿ ಕಾಲುಚೀಲಕ್ಕೆ ಅರಳೆ ತುಂಬಿ ಅಲ್ಲಿ ಹೊಲಿದೆ. ವೇಷ ತೊಡಿಸುವಾಗ ಗೌರಿ "ಇದೇನಜ್ಜಿ?" ಎಂದಳು. "ಇಂದುಬಾಯಿನ ಮಾಡ್ಯಾಳ, ಸುಮ್ನಿರು" ಎಂದೆ.

ರಂಗದ ಮೇಲೆ ಗೌರಿ ತೋಳೆತ್ತಿದಳು. ಆ ಅರಳೆ ಕೈ ಕಿತ್ತುಹೋಗಿ ಹಾರಿ ರಾಜನ ಕಾಲ ಬಳಿ ಬಿತ್ತು. ಮಕ್ಕಳೆಲ್ಲ ಹೋ ಎಂದು ನಕ್ಕರು. ಒಳಗೆ ಓಡಿದ ಗೌರಿ ಮತ್ತೆ ಹೊರಗೆ ಬರಲಿಲ್ಲ.

"ಯಾರ್ ಹೊಲಿದಿದ್ದು ಇದನ್ನ?" ಎಂದು ಸಿಟ್ಟಾದಳು ಸೊಸೆ ಸುಮಾ.

"ಆ ಇಂದುಬಾಯಿ" ಎಂದುಬಿಟ್ಟೆ.

ಸುಮಾ ಅಲ್ಲೇ ಫೋನ್ ಹಚ್ಚಿ, ಆ ಅರಳೆ ಕೈ ಯಾಕೆ ಹಚ್ಚಿದಿ ಎಂದು ಬಾಯಿಗೆ ಬಂದಂತೆ ಬೈದಳು. ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು. ಆ ಕಡೆಯಿಂದ ಇಂದುಬಾಯಿಯ ದನಿ: "ತಪ್ಪಾತವ್ವ. ಪೋರಿ ಅಳಾಕತ್ತಾಳೇನು?"

ಅಂದಿನಿಂದ ನಾನು ಆ ಗಲ್ಲಿಗೆ ಕಾಲಿಡಲಿಲ್ಲ. ಬೇಸಿಗೆಯಲ್ಲಿ ಅವಳು ತೀರಿಕೊಂಡ ಸುದ್ದಿ ದಾರದಂಗಡಿಯವನು ಹೇಳಿದ.

ಈ ವರ್ಷ ಗೌರಿ ತಾನೇ ಪೆಟ್ಟಿಗೆಯಿಂದ ಆ ವೇಷ ತೆಗೆದಳು. "ಇದನ್ನ ಹಾಕ್ಕೋತೀನಿ. ಗೆಜ್ಜೆ ಎಲ್ಲೈತಿ?" ಗೆಜ್ಜೆಯೂ ದಳಗಳೂ ನನ್ನ ಸಂಚಿಯಲ್ಲೇ ಇದ್ದವು. ಅಂಗಿ ಬಿಗಿಯಾಗಿತ್ತು. ಹೊಲಿಗೆ ಬಿಚ್ಚಿ ನೋಡಿದರೆ, ಬೆಳೆಯುವ ಮಗುವೆಂದು ಇಂದುಬಾಯಿ ಎರಡೂ ತೋಳಿನೊಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಳು. ಆ ಗಿಡ್ಡ ತೋಳಿನೊಳಗೂ. ಅದನ್ನು ಹಿಡಿದು ಅತ್ತೆ. ಸಡಿಲಿಸಿ, ದಳಗಳನ್ನೂ ಗೆಜ್ಜೆಯನ್ನೂ ಮೊದಲಿನಂತೆಯೇ ಹಚ್ಚಿದೆ.

ಇವತ್ತು ಸಂಜೆ ಎಲ್ಲರೂ ಸುತ್ತ ಕೂತು ಉಣ್ಣುತ್ತಿದ್ದೆವು. ಗೌರಿ ವೇಷ ಕಳಚಲು ಒಪ್ಪಿರಲಿಲ್ಲ. "ಆ ಇಂದುಬಾಯಿ ಕೆಡಿಸಿದ್ದನ್ನ ಎಷ್ಟ ಚಂದ ಸರಿ ಮಾಡೀರಿ ಅತ್ತೀ" ಎಂದು ಸುಮಾ ನನಗೆ ಎಣಗಾಯಿ ಬಡಿಸಿದಳು.

ಹಿಡಿದ ತುತ್ತನ್ನು ತಟ್ಟೆಯಲ್ಲಿಟ್ಟೆ. "ಆಕಿ ಕೆಡಿಸಿಲ್ಲವ್ವ. ಆ ಅರಳೆ ಕೈ ಹೊಲಿದಾಕಿ ನಾನು."

ಮಗ ತಲೆ ಎತ್ತಿ ನೋಡಿದ. ಸುಮಾ "ಅಯ್ಯ, ನಾ ಆಕಿಗೆ ಏನೇನ ಅಂದೆ" ಎಂದು ಬಾಯಿ ಮುಚ್ಚಿಕೊಂಡಳು.

"ನಂಗ ಆವಾಗ್ಲೇ ಗೊತ್ತಿತ್ತು. ಆ ಕಾಲುಚೀಲ ನಂದ ಅಲ್ಲೇನು?" ಎಂದಳು ಗೌರಿ.

"ಮತ್ತ ಯಾಕ ಹೇಳ್ಲಿಲ್ಲ?" ಎಂದೆ.

"ನೀನ ಹೇಳ್ತಿ ಅಂತ ಸುಮ್ನಿದ್ದೆ."

ನನಗೆ ತಟ್ಟೆಯಿಂದ ಕಣ್ಣೆತ್ತಲು ಆಗಲಿಲ್ಲ. ಗೌರಿ ಗಿಡ್ಡ ತೋಳಿನಿಂದ ಖಡಕ್ ರೊಟ್ಟಿಯನ್ನು ಒತ್ತಿ ಹಿಡಿದು, ಬಲಗೈಯಿಂದ ಮುರಿದಳು. ಗೆಜ್ಜೆ ಘಲ್ಲೆಂದಿತು. ದೊಡ್ಡ ಚೂರನ್ನು ನನ್ನ ತಟ್ಟೆಗೆ ಹಾಕಿ, "ಉಣ್ಣಜ್ಜಿ" ಎಂದಳು.